ಆಟ ಶುರುವಾಗುವ ಮೊದಲೇ ಹೇಳುವ ಮಾತು

ಎಲ್ಲವನ್ನೂ ಟೈಪ್ ಮಾಡಿಯೇ ಹೇಳಬೇಕಿದ್ದ ಡಾಸ್ ಕಾಲದಲ್ಲಿ ಕಂಪ್ಯೂಟರ್ ಕಲಿತ ಯಾರ ಮುಂದೆ ಬೇಕಾದರೂ 'ಪ್ರಿನ್ಸ್ ಮೆಗಾಹಿಟ್' ಅಂದು ನೋಡಿ. ಮುಂದಿನ ಹತ್ತು ನಿಮಿಷ ಅವರೇ ಮಾತಾಡುತ್ತಾರೆ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕಿದ್ದ ಶಾಲೆಯ ಲ್ಯಾಬು, ಒಂದು ಮಾನಿಟರ್ ಮುಂದೆ ಮೂರು ಜನ, ಕಪ್ಪು ಪರದೆಯ ಮೇಲೆ ಮಿಣುಕುವ ಕರ್ಸರ್. ಬರೀ 'ಪ್ರಿನ್ಸ್' ಅಂತ ಟೈಪ್ ಮಾಡಿದರೆ ಎಲ್ಲರಿಗೂ ಸಿಗುವ ಪ್ರಿನ್ಸ್ ಆಫ್ ಪರ್ಷಿಯಾ ಆಟ ಸಿಗುತ್ತಿತ್ತು. ಅದರ ಪಕ್ಕ ಜಾಗ ಬಿಟ್ಟು 'ಮೆಗಾಹಿಟ್' ಸೇರಿಸಿದರೆ ಕಥೆಯೇ ಬೇರೆ. ಕೆ ಒತ್ತಿದರೆ ಎದುರಿಗಿದ್ದ ಕಾವಲುಗಾರ ಬಿದ್ದುಹೋಗುತ್ತಿದ್ದ. ಶಿಫ್ಟ್ ಜೊತೆ ಟಿ ಒತ್ತಿದರೆ ಒಂದು ಜೀವ ಜಾಸ್ತಿ. ಶಿಫ್ಟ್ ಜೊತೆ ಎಲ್ ಒತ್ತಿದರೆ ಮುಂದಿನ ಲೆವೆಲ್. ಪ್ಲಸ್ ಒತ್ತಿದರೆ ಉಳಿದ ಸಮಯಕ್ಕೆ ಇನ್ನೊಂದು ನಿಮಿಷ.

ಆ ಪದ ಯಾವ ಪುಸ್ತಕದಲ್ಲೂ ನಮಗೆ ಸಿಕ್ಕಿದ್ದಲ್ಲ. ಯಾರದೋ ಅಣ್ಣ ಯಾರಿಗೋ ಹೇಳಿ, ಅವರು ಇನ್ಯಾರಿಗೋ ಹೇಳಿ ನಮ್ಮ ಬೆಂಚಿನವರೆಗೆ ಬಂದದ್ದು. ಅದು 1.0 ಆವೃತ್ತಿಗೆ ಮಾತ್ರ ನಡೆಯುತ್ತಿತ್ತು. ಮುಂದಿನ ಆವೃತ್ತಿಗಳಲ್ಲಿ ಪದವೇ ಬೇರೆ, 'ಇಂಪ್ರೂವ್ಡ್'. ಪಕ್ಕದ ಶಾಲೆಯವರ ಪದ ನಮ್ಮ ಲ್ಯಾಬಿನಲ್ಲಿ ಕೆಲಸ ಮಾಡದೇ ಇದ್ದದ್ದಕ್ಕೆ ಕಾರಣ ಇದೇ ಅಂತ ತಿಳಿದದ್ದು ಎಷ್ಟೋ ವರ್ಷ ಆದಮೇಲೆ.

ಅದನ್ನು ಮೋಸದಾಟ ಅಂತ ನಾನು ಯಾವತ್ತೂ ಅಂದುಕೊಂಡಿಲ್ಲ. ಆಟದ ಮುಂದೆ ಕೂತವರು ಆಟಕ್ಕೆ ಏನಾದರೂ ಹೇಳಬಹುದು, ಆಟ ಅದನ್ನು ಕೇಳುತ್ತದೆ ಅಂತ ನನಗೆ ಮೊದಲು ತೋರಿಸಿಕೊಟ್ಟದ್ದು ಆ ಪದ. ಇವತ್ತಿಗೂ ನಾನು ಆಟಗಳನ್ನು ಐಕಾನ್ ಒತ್ತಿ ಶುರು ಮಾಡುವುದು ಕಡಿಮೆ. ಒಂದೊಂದು ಆಟಕ್ಕೂ ಒಂದೊಂದು ಸ್ಕ್ರಿಪ್ಟ್, ಅಂದರೆ ಕಂಪ್ಯೂಟರ್ ಸಾಲುಸಾಲಾಗಿ ಓದಿ ನಡೆಸುವ ಚಿಕ್ಕ ಫೈಲ್, ಬರೆದಿಟ್ಟುಕೊಂಡಿದ್ದೇನೆ. ಹೇಗೆ ಆಡಬೇಕು, ಯಾವ ಫೈಲ್ ತೆಗೆದುಕೊಳ್ಳಬೇಕು, ಎಲ್ಲಿ ಸೇವ್ ಮಾಡಬೇಕು, ಎಲ್ಲ ಅದರಲ್ಲೇ ಇದೆ. ಆಟ ಅದರ ಮುಂದೆ ಕೂತ ಮನುಷ್ಯನಿಗೆ ಹೊಂದಿಕೊಳ್ಳಬೇಕು ಅನ್ನುವುದು ನನ್ನ ಗಟ್ಟಿಯಾದ ನಂಬಿಕೆ. ಹಾಗೆ ಹೊಂದಿಸುವುದಕ್ಕೆ ನಾಲ್ಕು ಸಾಲಿನ ಟೆಕ್ಸ್ಟ್ ಫೈಲಿಗಿಂತ ಒಳ್ಳೆಯ ದಾರಿ ನನಗೆ ಇನ್ನೂ ಸಿಕ್ಕಿಲ್ಲ.

ಇದರ ಹಿಂದೆ ಇರುವ ಕೆಲಸ ತುಂಬಾ ಸರಳ. ಕಮಾಂಡ್ ಲೈನಿನಲ್ಲಿ, ಅಂದರೆ ನಾವು ಟೈಪ್ ಮಾಡುವ ಆ ಸಾಲಿನಲ್ಲಿ, ಮೊದಲು ಬರುವುದು ಪ್ರೋಗ್ರಾಮಿನ ಹೆಸರು. ಅದಾದಮೇಲೆ ಜಾಗ ಬಿಟ್ಟು ಬರೆದ ಪದಗಳೆಲ್ಲ ಒಂದು ಪಟ್ಟಿಯಾಗಿ ಆ ಪ್ರೋಗ್ರಾಮಿನ ಕೈ ಸೇರುತ್ತವೆ. ಆ ಪಟ್ಟಿಯನ್ನು ಏನು ಮಾಡಬೇಕು ಅನ್ನುವುದು ಪ್ರೋಗ್ರಾಮಿಗೆ ಬಿಟ್ಟದ್ದು. ಕೆಲವು ಆಟಗಳು ಅದರತ್ತ ತಿರುಗಿಯೂ ನೋಡುವುದಿಲ್ಲ. ಕೆಲವು ತುಂಬಾ ಗಮನ ಕೊಟ್ಟು ಓದುತ್ತವೆ. ಹೀಗೆ ಓದುವುದರಲ್ಲಿ ಡೂಮ್‌ನಷ್ಟು ಧಾರಾಳಿ ಆಟ ನಾನು ಕಂಡಿಲ್ಲ.

ರಾಕ್ಷಸರಿಗೆ ಗುಂಡು ಹೊಡೆಯುತ್ತ ಸಾಗುವ ಆಟ ಡೂಮ್. ಅದು ಬಂದದ್ದು 1993ರ ಡಿಸೆಂಬರ್ 10ರಂದು. ಅಮೆರಿಕದ ಟೆಕ್ಸಸ್‌ನಲ್ಲಿದ್ದ ಇಡ್ ಸಾಫ್ಟ್‌ವೇರ್ ಅನ್ನುವ ಪುಟ್ಟ ಕಂಪನಿ ಅದನ್ನು ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಸರ್ವರಿಗೆ ಹಾಕಿತು. ಅದನ್ನು ಮಾಡಿದವರಲ್ಲಿ ಜಾನ್ ರೊಮೆರೊ ಒಬ್ಬರು. ಈ ಹೆಸರು ಕೇಳಿರದ ನಮ್ಮವರಿಗೂ ಅವರ ಹಳೆಯ ಆಟ ಡೇಂಜರಸ್ ಡೇವ್ ಚೆನ್ನಾಗಿ ಗೊತ್ತು. ನಮ್ಮ ಲ್ಯಾಬಿನಲ್ಲಿ ಪ್ರಿನ್ಸ್ ಪಕ್ಕದ ಫೋಲ್ಡರಿನಲ್ಲೇ ಡೇವ್ ಇದ್ದ. ಟ್ರೋಫಿ ಹಿಡಿದುಕೊಂಡು ಬಾಗಿಲಿಗೆ ಓಡುತ್ತಿದ್ದನಲ್ಲ, ಅವನೇ.

ಡೂಮ್‌ಗೆ '-ವಾರ್ಪ್ 1 3' ಅಂತ ಕೊಟ್ಟರೆ ಮೊದಲ ಎಪಿಸೋಡಿನ ಮೂರನೇ ಮ್ಯಾಪಿಗೆ ನೇರ ಹೋಗಿ ಇಳಿಯಬಹುದು. '-ಸ್ಕಿಲ್' ಮುಂದೆ 1ರಿಂದ 5ರವರೆಗೆ ಒಂದು ಅಂಕಿ ಕೊಟ್ಟರೆ ಅಷ್ಟು ಕಷ್ಟದ ಆಟ. '-ಫಾಸ್ಟ್' ಅಂದರೆ ರಾಕ್ಷಸರು ಚುರುಕಾಗುತ್ತಾರೆ. '-ರೆಸ್ಪಾನ್' ಅಂದರೆ ಸತ್ತವರು ಎದ್ದು ಬರುತ್ತಾರೆ. '-ನೋಮಾನ್‌ಸ್ಟರ್ಸ್' ಅಂದರೆ ಯಾರೂ ಇಲ್ಲ, ಖಾಲಿ ಕೋಟೆ. ಈ ಕೊನೆಯದು ನನಗೆ ತುಂಬಾ ಇಷ್ಟ. ಗುಂಡು ಹಾರುವಾಗ ಗೋಡೆ, ಮೆಟ್ಟಿಲು, ಕಿಟಕಿ ಯಾವುದೂ ಕಣ್ಣಿಗೆ ಬೀಳುವುದಿಲ್ಲ. ಖಾಲಿ ಮ್ಯಾಪಿನಲ್ಲಿ ನಿಧಾನಕ್ಕೆ ನಡೆದಾಗ ಮಾತ್ರ ಮ್ಯಾಪ್ ಮಾಡಿದವರ ಲೆಕ್ಕಾಚಾರ ತಿಳಿಯುತ್ತದೆ. ಈ ಕಿಟಕಿಯಿಂದ ಆ ಅಂಗಳ ಕಾಣಲಿ, ಅಲ್ಲಿಗೆ ಹೋಗುವ ದಾರಿ ಹುಡುಕಲಿ ಅಂತ ಯಾರೋ ಕೂತು ಯೋಚಿಸಿದ್ದಾರೆ.

'-ಟರ್ಬೋ' ಅಂತಲೂ ಒಂದಿದೆ. ಮುಂದೆ 100ಕ್ಕಿಂತ ದೊಡ್ಡ ಅಂಕಿ ಕೊಟ್ಟರೆ ಎಲ್ಲರಿಗಿಂತ ಜೋರಾಗಿ ಓಡಬಹುದು. ನಾಲ್ಕು ಜನ ಸೇರಿ ನೆಟ್‌ವರ್ಕಿನಲ್ಲಿ ಆಡುವಾಗ ಯಾರಾದರೂ ಸುಮ್ನೆ ಇದನ್ನು ಹಾಕಿಕೊಂಡು ಬಂದರೆ, ಇಂಥವನು ಟರ್ಬೋ ಅಂತ ಆಟವೇ ಎಲ್ಲರ ಪರದೆಯ ಮೇಲೂ ಸಾರಿಬಿಡುತ್ತದೆ. ನಿನಗೆ ಬೇಕಾದ ಹಾಗೆ ಆಡು, ಆದರೆ ಜೊತೆಯಲ್ಲಿ ಆಡುವವರಿಗೆ ಗೊತ್ತಿರಲಿ. ಎಷ್ಟು ನ್ಯಾಯವಾದ ಏರ್ಪಾಡು ಅಲ್ವಾ?

1997ರ ಡಿಸೆಂಬರ್ 23ರಂದು ಇಡ್‌ನ ಪ್ರೋಗ್ರಾಮರ್ ಜಾನ್ ಕಾರ್ಮ್ಯಾಕ್ ಡೂಮ್‌ನ ಸೋರ್ಸ್ ಕೋಡನ್ನು, ಅಂದರೆ ಪ್ರೋಗ್ರಾಮಿನ ಮೂಲ ಬರಹವನ್ನು, ಎಲ್ಲರ ಮುಂದಿಟ್ಟರು. 1999ರಲ್ಲಿ ಅದಕ್ಕೆ ಯಾರು ಬೇಕಾದರೂ ಬದಲಿಸಿ ಹಂಚಲು ಬಿಡುವ ಜಿಪಿಎಲ್ ಲೈಸೆನ್ಸ್ ಸಿಕ್ಕಿತು. ಆ ಕೋಡಿನಲ್ಲಿ ಈ ಪದಗಳನ್ನು ಹುಡುಕುವ ಫಂಕ್ಷನ್ ಒಂದಿದೆ, ಹೆಸರು 'ಎಂ_ಚೆಕ್‌ಪಾರ್ಮ್'. ಇಡೀ ಫಂಕ್ಷನ್ ಪರದೆಯ ಕಾಲು ಭಾಗಕ್ಕಿಂತ ಜಾಸ್ತಿ ಜಾಗ ಹಿಡಿಯುವುದಿಲ್ಲ. ಪಟ್ಟಿಯ ಮೊದಲ ಪದ ಪ್ರೋಗ್ರಾಮಿನದೇ ಹೆಸರು, ಆದ್ದರಿಂದ ಅದನ್ನು ಬಿಟ್ಟು ಮುಂದಿನದರಿಂದ ಶುರು. ಒಂದೊಂದೇ ಪದ ತೆಗೆದು, ನಾನು ಹುಡುಕುತ್ತಿರುವುದು ಇದೇನಾ ಅಂತ ಹೋಲಿಸಿ ನೋಡುತ್ತದೆ. ದೊಡ್ಡಕ್ಷರ, ಚಿಕ್ಕಕ್ಷರ ಅಂತ ಭೇದ ಮಾಡುವುದಿಲ್ಲ. ಸಿಕ್ಕಿದರೆ ಎಷ್ಟನೇ ಜಾಗದಲ್ಲಿ ಸಿಕ್ಕಿತು ಅಂತ ಹೇಳುತ್ತದೆ, ಸಿಗದಿದ್ದರೆ ಸೊನ್ನೆ. ಮುಗಿಯಿತು. ಆಟಗಾರರ ಮಾತು ಕೇಳಿಸಿಕೊಳ್ಳುವುದಕ್ಕೆ ಇಷ್ಟು ಸಾಕು ಅನ್ನುವುದನ್ನು ಮೊದಲ ಸಲ ಓದಿದಾಗ ನನಗೆ ಆದ ಖುಷಿ ಅಷ್ಟಿಷ್ಟಲ್ಲ.

ಇಷ್ಟೆಲ್ಲದರಲ್ಲಿ ದೊಡ್ಡದು '-ಫೈಲ್'. ಡೂಮ್ ತನ್ನ ಮ್ಯಾಪು, ಚಿತ್ರ, ಸದ್ದು ಎಲ್ಲವನ್ನೂ ವ್ಯಾಡ್ ಅನ್ನುವ ಫೈಲಿನಲ್ಲಿ ಇಟ್ಟುಕೊಂಡಿತ್ತು. ಪ್ರೋಗ್ರಾಮ್ ಬೇರೆ, ಆಟದ ಸಾಮಾನು ಬೇರೆ. '-ಫೈಲ್' ಅಂತ ಬರೆದು ಮುಂದೆ ಇನ್ನೊಂದು ವ್ಯಾಡ್ ಹೆಸರು ಕೊಟ್ಟರೆ, ಮೂಲ ಆಟದ ಮೇಲೆ ಅದರಲ್ಲಿರುವುದು ಬಂದು ಕೂರುತ್ತಿತ್ತು. ಮೂಲ ಫೈಲನ್ನು ಮುಟ್ಟಬೇಕಾಗಿಲ್ಲ, ಹಾಳಾಗುವ ಭಯವಿಲ್ಲ. ನಾಳೆ ಆ ಪದ ತೆಗೆದರೆ ಹಳೆಯ ಆಟ ಹಾಗೇ ಇದೆ. ಕಾಲೇಜು ಹುಡುಗರು, ಆಫೀಸಿಗೆ ಹೋಗುವವರು, ಎಂದೂ ಆಟ ಮಾಡಿರದವರು ಮ್ಯಾಪ್ ಮಾಡಿ ಹಂಚಲು ಶುರು ಮಾಡಿದ್ದು ಇದರಿಂದ. ಮೂವತ್ತು ವರ್ಷ ದಾಟಿದರೂ ಆ ಹಂಚಿಕೆ ನಿಂತಿಲ್ಲ. ಸ್ವತಃ ರೊಮೆರೊ 2019ರಲ್ಲಿ ಸಿಜಿಲ್ ಅನ್ನುವ ವ್ಯಾಡ್ ಮಾಡಿ ಪುಕ್ಕಟೆ ಕೊಟ್ಟರು. ಡೂಮ್‌ಗೆ ಮೂವತ್ತು ತುಂಬಿದ ದಿನ, 2023ರ ಡಿಸೆಂಬರ್ 10ರಂದು, ಅದರ ಎರಡನೇ ಭಾಗ ಬಂತು. ಅದನ್ನು ಆಡಿಸುವುದಕ್ಕೆ ನಾನು ಟೈಪ್ ಮಾಡಿದ್ದು 1993ರ ಅದೇ '-ಫೈಲ್'.

ಇನ್ನೊಂದು ವಿಷಯ ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. '-ರೆಕಾರ್ಡ್' ಅಂತ ಕೊಟ್ಟರೆ ನಾವು ಆಡಿದ್ದನ್ನು ಡೂಮ್ ಬರೆದಿಟ್ಟುಕೊಳ್ಳುತ್ತದೆ. ವಿಡಿಯೊ ಅಲ್ಲ, ಬರೀ ನಮ್ಮ ಕೈ ಆಡಿದ್ದು. ಸೆಕೆಂಡಿಗೆ 35 ಸಲ, ಪ್ರತಿ ಸಲ 4 ಬೈಟ್: ಮುಂದೆ ಎಷ್ಟು ಹೋದ, ಪಕ್ಕಕ್ಕೆ ಎಷ್ಟು ಸರಿದ, ಎಷ್ಟು ತಿರುಗಿದ, ಯಾವ ಬಟನ್ ಒತ್ತಿದ. ಲೆಕ್ಕ ಹಾಕಿದರೆ ಒಂದು ನಿಮಿಷದ ಆಟ 8,400 ಬೈಟ್. ಒಂದು ಫ್ಲಾಪಿಯಲ್ಲಿ ಎರಡು ಗಂಟೆಗೂ ಮೀರಿದ ಆಟ ಹಿಡಿಯುತ್ತದೆ. ಆಟದ 'ಅದೃಷ್ಟ' ಬರುವುದು 256 ಅಂಕಿಗಳ ಒಂದು ಸ್ಥಿರ ಪಟ್ಟಿಯಿಂದ. ಹಾಗಾಗಿ ಅದೇ ಒತ್ತುಗಳನ್ನು ಮತ್ತೆ ಕೊಟ್ಟರೆ ಅದೇ ಆಟ ಅಚ್ಚುಕಟ್ಟಾಗಿ ಮತ್ತೆ ನಡೆಯುತ್ತದೆ. ಆದರೆ ಆಡುವಾಗ ಯಾವ ವ್ಯಾಡ್ ಹಾಕಿದ್ದೆವು ಅನ್ನುವುದು ಆ ರೆಕಾರ್ಡಿಂಗಿನಲ್ಲಿ ಇರುವುದಿಲ್ಲ. ಅದೇ ವ್ಯಾಡ್ ಕೊಡದೆ ಓಡಿಸಿದರೆ ಆಟಗಾರ ಗೋಡೆಗೆ ಹೋಗಿ ಗುದ್ದಿಕೊಂಡು ನಿಲ್ಲುತ್ತಾನೆ. ಆದ್ದರಿಂದ ರೆಕಾರ್ಡಿಂಗ್ ಇಟ್ಟುಕೊಳ್ಳುವವರು ಆಟ ಶುರು ಮಾಡಿದ ಆ ಸಾಲನ್ನೂ ಜೊತೆಗೇ ಬರೆದಿಡುತ್ತಾರೆ. ನನಗೆ ಸ್ಕ್ರಿಪ್ಟಿನ ಬೆಲೆ ಸರಿಯಾಗಿ ಅರ್ಥವಾದದ್ದು ಇಲ್ಲಿ.

ಡಾಸ್‌ನಲ್ಲಿ ಒಂದು ಸಾಲಿಗೆ 127 ಅಕ್ಷರಗಳ ಮಿತಿ ಇತ್ತು. ನಾಲ್ಕೈದು ವ್ಯಾಡ್ ಹೆಸರು ಬರೆಯುವಷ್ಟರಲ್ಲಿ ಸಾಲು ತುಂಬಿಬಿಡುತ್ತದೆ. ಡೂಮ್ ಅದಕ್ಕೂ ದಾರಿ ಇಟ್ಟಿತ್ತು. @ ಹಾಕಿ ಒಂದು ಟೆಕ್ಸ್ಟ್ ಫೈಲಿನ ಹೆಸರು ಕೊಟ್ಟರೆ ಪದಗಳನ್ನೆಲ್ಲ ಆ ಫೈಲಿನಿಂದ ಓದಿಕೊಳ್ಳುತ್ತಿತ್ತು. ಹೆಚ್ಚಿನವರು ಇಟ್ಟುಕೊಂಡಿದ್ದು ಮಾತ್ರ ಬ್ಯಾಚ್ ಫೈಲ್, ಅಂದರೆ ಡಾಸ್‌ನ ಸ್ಕ್ರಿಪ್ಟ್. ಫೋಲ್ಡರ್ ಬದಲಿಸಲು ಒಂದು ಸಾಲು, ಸೌಂಡ್ ಕಾರ್ಡ್ ಎಲ್ಲಿದೆ ಅಂತ ಹೇಳಲು ಒಂದು ಸಾಲು, ಆಮೇಲೆ ಆಟ. ಆ ಸೌಂಡ್ ಕಾರ್ಡಿನ ಸಾಲು ಹಳಬರಿಗೆ ಇವತ್ತಿಗೂ ಬಾಯಿಪಾಠ: ಎ220 ಐ5 ಡಿ1. ಕಾರ್ಡಿನ ಪೋರ್ಟ್ ವಿಳಾಸ, ಇಂಟರಪ್ಟ್ ಅಂಕಿ, ಡಿಎಂಎ ಚಾನೆಲ್. ಇದರಲ್ಲಿ ಒಂದು ಅಂಕಿ ಹೆಚ್ಚುಕಡಿಮೆಯಾದರೆ ಆಟ ಮೂಕ.

ಸೈಬರ್ ಕೆಫೆಯ ಕಾಲಕ್ಕೆ ಇದೇ ಕೆಲಸ ಇನ್ನೊಂದು ವೇಷದಲ್ಲಿ ಬಂತು. ಬೆಂಗಳೂರಿನ ಕೆಫೆಗಳಲ್ಲಿ ಕೌಂಟರ್ ಸ್ಟ್ರೈಕ್ ಅನ್ನುವ ಗುಂಡಿನ ಕಾಳಗದ ಆಟ ಆಡುತ್ತಿದ್ದವರಿಗೆ ನೆನಪಿರಬಹುದು. ಇವತ್ತು ಕೂತ ಸಿಸ್ಟಮ್ ನಾಳೆ ಸಿಗುತ್ತಿರಲಿಲ್ಲ, ಸಿಕ್ಕಿದರೂ ನಡುವೆ ಕೂತವರು ಕೀ, ಮೌಸ್ ಎಲ್ಲ ಬದಲಾಯಿಸಿರುತ್ತಿದ್ದರು. ಚೆನ್ನಾಗಿ ಆಡುವವರು ತಮ್ಮ ಕಾನ್ಫಿಗ್ ಫೈಲನ್ನು ಪೆನ್‌ಡ್ರೈವಿನಲ್ಲಿ ತರುತ್ತಿದ್ದರು. ಅದರ ಜೊತೆಗೆ ಒಂದು ಚಿಕ್ಕ ಬ್ಯಾಚ್ ಫೈಲ್. ಡಬಲ್ ಕ್ಲಿಕ್ ಮಾಡಿದರೆ ಕಾನ್ಫಿಗ್ ತನ್ನ ಜಾಗಕ್ಕೆ ಹೋಗಿ, ಆಟ ತೆರೆದು, ಪ್ಲಸ್ ಚಿಹ್ನೆಯ 'ಕನೆಕ್ಟ್' ಸರ್ವರಿಗೆ ಸೇರಿಸಿಬಿಡುತ್ತಿತ್ತು. ಮೈನಸ್ ಹಾಕಿದ್ದು ಆಟವನ್ನು ಓಡಿಸುವ ಎಂಜಿನ್‌ಗೆ ಹೇಳುವ ಮಾತು, ಪ್ಲಸ್ ಹಾಕಿದ್ದು ಆಟದೊಳಗೆ ಆದೇಶ ಟೈಪ್ ಮಾಡುವ ಕನ್ಸೋಲಿಗೆ ಹೇಳುವ ಮಾತು. ಆ ಎಂಜಿನ್ ಹುಟ್ಟಿದ್ದು ಇಡ್ ಅವರದೇ ಕ್ವೇಕ್ ಆಟದಿಂದ, ಹಾಗಾಗಿ ಈ ಪ್ಲಸ್ ಮೈನಸ್ ಕೂಡ ಅಲ್ಲಿಂದಲೇ ಬಂದದ್ದು. ಗಂಟೆಗೆ ದುಡ್ಡು ಕೊಟ್ಟು ಆಡುವಾಗ ಸೆಟ್ಟಿಂಗ್ಸ್ ಸರಿಮಾಡುತ್ತ ಕೂರಲು ಯಾರಿಗೆ ಆಗುತ್ತದೆ?

ಈಗ ನನ್ನ ಲ್ಯಾಪ್‌ಟಾಪಿನಲ್ಲಿರುವುದು ವಿಂಡೋಸ್ ಅಲ್ಲ, ಲಿನಕ್ಸ್. ಸಿಜಿಲ್ ಆಡಲು ಬರೆದ ಸ್ಕ್ರಿಪ್ಟ್ ಹೀಗಿದೆ. ಮೊದಲ ಸಾಲು ಇದನ್ನು ಯಾವ ಶೆಲ್, ಅಂದರೆ ಆದೇಶಗಳನ್ನು ಓದಿ ನಡೆಸುವ ಪ್ರೋಗ್ರಾಮ್, ಓದಬೇಕು ಅನ್ನುವುದು. ಎರಡನೆಯದು # ಹಾಕಿ ಕನ್ನಡದಲ್ಲಿ ಬರೆದ ಟಿಪ್ಪಣಿ: 'ಸಿಜಿಲ್‌ಗೆ ಅಲ್ಟಿಮೇಟ್ ಡೂಮ್‌ನ ವ್ಯಾಡ್ ಬೇಕೇ ಬೇಕು, ಡೂಮ್ 2ರದ್ದು ನಡೆಯಲ್ಲ.' ಮೂರನೆಯದು ವ್ಯಾಡ್‌ಗಳಿರುವ ಫೋಲ್ಡರಿನ ದಾರಿ. ನಾಲ್ಕನೆಯದೇ ಆಟ. ಡೂಮನ್ನು ಇವತ್ತಿನ ಕಂಪ್ಯೂಟರಿನಲ್ಲಿ ಆಡಿಸುವ ಜೀಝಡ್‌ಡೂಮ್ ಹೆಸರು, '-ಐವ್ಯಾಡ್' ಮುಂದೆ ಮೂಲ ಆಟ, '-ಫೈಲ್' ಮುಂದೆ ಸಿಜಿಲ್, '-ಕಾನ್ಫಿಗ್' ಮುಂದೆ ಈ ಆಟಕ್ಕೆಂದೇ ಇಟ್ಟ ಸೆಟ್ಟಿಂಗ್ಸ್ ಫೈಲ್, '-ಸೇವ್‌ಡಿರ್' ಮುಂದೆ ಇದರದೇ ಸೇವ್ ಫೋಲ್ಡರ್. ಒಂದು ಆಟದ ಸೇವ್ ಇನ್ನೊಂದರ ಜೊತೆ ಬೆರೆಯುವುದಿಲ್ಲ. ಲ್ಯಾಪ್‌ಟಾಪ್ ಬದಲಾದರೆ ಈ ಫೋಲ್ಡರ್ ಎತ್ತಿ ಅಲ್ಲಿಡುತ್ತೇನೆ, ಸ್ಕ್ರಿಪ್ಟಿನಲ್ಲಿ ಒಂದೇ ಸಾಲು ತಿದ್ದಿದರೆ ಸಾಕು.

ಸಾಲಿನ ಕೊನೆಗೆ "$@" ಅಂತ ಇದೆ. ಸ್ಕ್ರಿಪ್ಟನ್ನು ಕರೆಯುವಾಗ ನಾನು ಮುಂದೆ ಏನು ಬರೆದರೂ ಅದನ್ನು ಹಾಗೇ ಆಟಕ್ಕೆ ದಾಟಿಸು ಅಂತ ಅದರ ಅರ್ಥ. ಇದೊಂದು ಇರುವುದರಿಂದ ಸ್ಕ್ರಿಪ್ಟ್ ನನ್ನ ಕೈ ಕಟ್ಟುವುದಿಲ್ಲ. ದಿನಾ 'ಸಿಜಿಲ್' ಅಂದರೆ ಸಾಕು. ಯಾವತ್ತಾದರೂ ಮೂರನೇ ಮ್ಯಾಪಿನಲ್ಲಿ ಸುಮ್ನೆ ಓಡಾಡಬೇಕು ಅನಿಸಿದರೆ 'ಸಿಜಿಲ್ -ವಾರ್ಪ್ 5 3 -ನೋಮಾನ್‌ಸ್ಟರ್ಸ್' (ಸಿಜಿಲ್ ಬಂದು ಕೂರುವುದು ಐದನೇ ಎಪಿಸೋಡಾಗಿ). $@ ಸುತ್ತ ಇರುವ ಆ ಉದ್ಧರಣ ಚಿಹ್ನೆಗಳನ್ನು ಮಾತ್ರ ಬಿಡಬೇಡಿ. ಬಿಟ್ಟರೆ, ಫೈಲಿನ ಹೆಸರಿನ ನಡುವೆ ಖಾಲಿ ಜಾಗ ಇದ್ದಾಗ ಶೆಲ್ ಅದನ್ನು ಎರಡು ಪದ ಮಾಡಿಬಿಡುತ್ತದೆ.

ಟಿಪ್ಪಣಿಯನ್ನು ಕನ್ನಡದಲ್ಲಿ ಬರೆಯುವುದಕ್ಕೆ ಶೆಲ್‌ನ ಅಡ್ಡಿ ಏನೂ ಇಲ್ಲ, ಅದು # ನಂತರ ಇರುವುದನ್ನು ನೋಡುವುದೇ ಇಲ್ಲ. ಫೈಲಿನ ಹೆಸರೂ ಕನ್ನಡದಲ್ಲಿ ಇರಬಹುದು. ತೊಂದರೆ ಇರುವುದು ನಾವು ಆದೇಶ ಟೈಪ್ ಮಾಡುವ ಟರ್ಮಿನಲ್‌ನಲ್ಲಿ. ಅದು ಪ್ರತಿ ಅಕ್ಷರವನ್ನೂ ಒಂದೇ ಅಳತೆಯ ಚೌಕದಲ್ಲಿ ಕೂರಿಸಲು ನೋಡುತ್ತದೆ, ನಮ್ಮ ಒತ್ತಕ್ಷರ ಆ ಚೌಕಕ್ಕೆ ಒಗ್ಗುವುದಿಲ್ಲ. ಹಲವು ಟರ್ಮಿನಲ್‌ಗಳಲ್ಲಿ ಗುಣಿತ ಒಂದು ಕಡೆ, ಒತ್ತು ಇನ್ನೊಂದು ಕಡೆ. ಅದೇ ಫೈಲನ್ನು ಟೆಕ್ಸ್ಟ್ ಎಡಿಟರಿನಲ್ಲಿ ತೆರೆದರೆ ಮುದ್ದಾಗಿ ಕಾಣುತ್ತದೆ. ಇದು ಸರಿಯಾಗಬೇಕು, ಕನ್ನಡದಲ್ಲಿ ಯೋಚಿಸುವ ಹುಡುಗರು ಕನ್ನಡದಲ್ಲೇ ಟಿಪ್ಪಣಿ ಬರೆಯಬೇಕು ಅಂತ ನನಗೆ ತುಂಬಾ ಆಸೆ.

ಕನ್ನಡ ಹೆಸರಿನ ಫೈಲ್ ನನ್ನ ಹತ್ತಿರ ಒಂದಿದೆ. ಅದರ ಹೆಸರು 'ಅಪ್ಪ'.

ಅಪ್ಪ ಬ್ಯಾಂಕಿನಿಂದ ನಿವೃತ್ತರಾದವರು. ಅವರ ಬ್ರಾಂಚಿಗೆ ಮೊದಲ ಕಂಪ್ಯೂಟರ್ ಬಂದಾಗ ಯಾರೋ ಅದರಲ್ಲಿ ಪ್ರಿನ್ಸ್ ಹಾಕಿದ್ದರಂತೆ. ಸಂಜೆ ಲೆಕ್ಕ ಮುಗಿದ ಮೇಲೆ ಹುಡುಗರು ಆಡುತ್ತಿದ್ದದ್ದನ್ನು ನಿಂತು ನೋಡಿದ್ದಾರೆ, ತಾವು ಆಡಿಲ್ಲ. ಒಂದು ದಿನ ನನ್ನ ಪಕ್ಕ ಬಂದು ಕೂತು, "ಆ ರಾಜಕುಮಾರನ ಆಟ ಈಗ ಸಿಗುತ್ತಾ?" ಅಂತ ಕೇಳಿದರು.

ಸಿಗುತ್ತದೆ. ಜೋರ್ಡಾನ್ ಮೆಕ್ನರ್ 1989ರಲ್ಲಿ ಆಪಲ್ 2 ಕಂಪ್ಯೂಟರಿಗೆ ಮಾಡಿದ ಆಟ ಅದು. 2012ರಲ್ಲಿ ಅವರ ತಂದೆಗೆ ಮನೆಯಲ್ಲಿ ಮಗನ ಹಳೆಯ ಫ್ಲಾಪಿಗಳು ಸಿಕ್ಕಿ, ಮೂಲ ಕೋಡ್ ಎಲ್ಲರಿಗೂ ಸಿಗುವಂತಾಯಿತು. ನಾವು ಲ್ಯಾಬಿನಲ್ಲಿ ಆಡಿದ ಡಾಸ್ ಆವೃತ್ತಿಯನ್ನು ಬಿಚ್ಚಿ ನೋಡಿ, ಇವತ್ತಿನ ಕಂಪ್ಯೂಟರಿಗೆ ಹೊಂದುವ ಹಾಗೆ ಮತ್ತೆ ಬರೆದದ್ದು ಎಸ್‌ಡಿಎಲ್‌ಪಾಪ್ ಅನ್ನುವ ಮುಕ್ತ ತಂತ್ರಾಂಶ. ಅದಕ್ಕೆ 'ಮೆಗಾಹಿಟ್' ಅಂದರೆ ಈಗಲೂ ಅರ್ಥವಾಗುತ್ತದೆ.

ಮೊದಲ ಸಲ ಆಡುವಾಗ ಅಪ್ಪನಿಗೆ ಕಷ್ಟವಾದದ್ದು ಕಾವಲುಗಾರರಲ್ಲ, ಗಡಿಯಾರ. ಇಡೀ ಆಟಕ್ಕೆ 60 ನಿಮಿಷ. ಸತ್ತರೆ ಲೆವೆಲ್ ಮತ್ತೆ ಶುರುವಾಗುತ್ತದೆ, ಹೋದ ನಿಮಿಷ ಹೋದದ್ದೇ. ಎಷ್ಟು ನಿಮಿಷ ಉಳಿದಿದೆ ಅಂತ ಕೆಳಗೆ ಬರುತ್ತಲೇ ಇರುತ್ತದೆ. ಅವರ ಬೆರಳು ನಿಧಾನ. ಶಿಫ್ಟ್ ಹಿಡಿದು ಬಾಣದ ಕೀ ಒತ್ತಿ ಒಂದೊಂದೇ ಹೆಜ್ಜೆ ಇಡುವುದು ಅವರಿಗೆ ಇಷ್ಟ. "ಇವರು ಯಾಕೆ ಹೀಗೆ ಅರ್ಜೆಂಟ್ ಮಾಡ್ತಾರೆ? ನೋಡ್ಕೊಂಡು ಹೋಗೋಕೂ ಬಿಡಲ್ವಲ್ಲ" ಅಂದರು. ಅವರು ಹೇಳಿದ್ದು ಸರಿಯಾಗೇ ಇತ್ತು.

ಆಟದ ಫೋಲ್ಡರನ್ನು ಅವರಿಗಾಗಿ ಬೇರೆ ಕಾಪಿ ಮಾಡಿದೆ. ಅದರೊಳಗಿನ ಐಎನ್‌ಐ ಅನ್ನುವ ಸೆಟ್ಟಿಂಗ್ಸ್ ಫೈಲಿನಲ್ಲಿ ಎಷ್ಟು ನಿಮಿಷದಿಂದ ಶುರು ಅನ್ನುವ ಸಾಲಿದೆ, 60 ಅಂತ ಇರುತ್ತದೆ. ಅಲ್ಲಿ -1 ಅಂತ ಬರೆದರೆ ಗಡಿಯಾರವೇ ನಿಲ್ಲುತ್ತದೆ. ಶುರುವಿನ ಜೀವ 3 ಇದ್ದದ್ದನ್ನು 5 ಮಾಡಿದೆ. ಇಂಥ ಬದಲಾವಣೆ ಜಾರಿಗೆ ಬರಬೇಕಾದರೆ ಅದೇ ಭಾಗದ ಮೇಲಿನ ಒಂದು ಸಾಲನ್ನು 'ಟ್ರೂ' ಮಾಡಬೇಕು, ಇಲ್ಲದಿದ್ದರೆ ಆಟ ಇವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಆಮೇಲೆ 'ಅಪ್ಪ' ಸ್ಕ್ರಿಪ್ಟ್: ಆ ಫೋಲ್ಡರಿಗೆ ಹೋಗು, ಆಟವನ್ನು 'ಫುಲ್' ಅಂತ ಸೇರಿಸಿ ಶುರು ಮಾಡು, ಅಂದರೆ ಪರದೆ ತುಂಬ ಬರಲಿ. ಡೆಸ್ಕ್‌ಟಾಪಿನಲ್ಲಿ ಅದಕ್ಕೊಂದು ಐಕಾನ್. ಎಫ್6 ಒತ್ತಿದರೆ ಇದ್ದ ಜಾಗದಲ್ಲೇ ಸೇವ್, ಎಫ್9 ಒತ್ತಿದರೆ ಅಲ್ಲಿಗೇ ವಾಪಸ್. ಆ ಎರಡು ಕೀ ಮೇಲೆ ಅಮ್ಮ ತಮ್ಮ ಸ್ಟಿಕ್ಕರ್ ಬೊಟ್ಟು ಅಂಟಿಸಿಕೊಟ್ಟಿದ್ದಾರೆ, ಕೆಂಪು ಸೇವ್‌ಗೆ, ಹಸಿರು ವಾಪಸ್‌ಗೆ.

'ಮೆಗಾಹಿಟ್' ಹಾಕಿಕೊಡಲೇ ಅಂತಲೂ ಕೇಳಿದ್ದೆ. ಬೇಡ ಅಂದರು. ಕಾವಲುಗಾರರ ಜೊತೆ ಕತ್ತಿ ಹಿಡಿದೇ ಆಡಬೇಕಂತೆ, ಟೈಮ್ ಒಂದು ಕೊಟ್ಟರೆ ಸಾಕಂತೆ. ಕಷ್ಟ ಎಲ್ಲಿರಬೇಕು, ಎಲ್ಲಿ ಬೇಡ ಅನ್ನುವುದು ಒಬ್ಬೊಬ್ಬರಿಗೆ ಒಂದೊಂದು ಥರ. ಸುಲಭ, ಮಧ್ಯಮ, ಕಷ್ಟ ಅಂತ ಮೂರು ಬಟನ್ ಇಡುವ ಮೆನುಗೆ ಇದು ತಿಳಿಯುವುದಿಲ್ಲ. ಅಪ್ಪ ಈಗ ಮೂರನೇ ಲೆವೆಲ್‌ನಲ್ಲಿದ್ದಾರೆ. ಬಿದ್ದಿದ್ದ ಅಸ್ಥಿಪಂಜರ ಎದ್ದು ಕತ್ತಿ ಹಿಡಿದು ನಿಂತಾಗ ಅಮ್ಮನನ್ನು ಅಡುಗೆಮನೆಯಿಂದ ಕರೆದು ತೋರಿಸಿದರು. ಅದಕ್ಕೆ ಎಷ್ಟು ಹೊಡೆದರೂ ಸಾಯುವುದಿಲ್ಲ, ಹಿಂದೆ ತಳ್ಳಿ ಹಳ್ಳಕ್ಕೆ ಬೀಳಿಸಬೇಕು. ನಾನು ಹೇಳಿಕೊಟ್ಟಿಲ್ಲ, ತಾವೇ ಕಂಡುಕೊಂಡರು.

ಇದನ್ನು ನೋಡಿದ ಅವರ ಹಳೆಯ ಸಹೋದ್ಯೋಗಿಯೊಬ್ಬರು ತಮಗೂ ಒಂದು ಮಾಡಿಕೊಡಲು ಹೇಳಿದ್ದಾರೆ. ಅವರದು ವಿಂಡೋಸ್, ಆದ್ದರಿಂದ ಬ್ಯಾಚ್ ಫೈಲ್ ಬರೆಯಬೇಕು. "$@" ಜಾಗದಲ್ಲಿ %* ಬರುತ್ತದೆ, ಅಷ್ಟು ದೊಡ್ಡ ಕೆಲಸವೇನಲ್ಲ. ಅವರಿಗೆ ಗಡಿಯಾರ ಇರಲೇಬೇಕಂತೆ, ಆದರೆ 60ರ ಬದಲು 90 ನಿಮಿಷ. ಜೀವ ಮಾತ್ರ ಮೂರೇ ಸಾಕು ಅಂದಿದ್ದಾರೆ.